ಎರೆ ನೆಲ ಬಾಯಿ ಬಿಡುವುದೇಕೆ?

ಜೇಡಿ ಹೆಚ್ಚಿರುವ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಕುಗ್ಗಲು ಅಡ್ಡಿಯಾದರೆ ಸೀಳುತ್ತದೆ. ಕರ್ನಾಟಕದಲ್ಲಿ ಇದು ಎದ್ದು ಕಾಣುವುದು ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ಕಲಬುರಗಿ, ಯಾದಗಿರಿ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಎರೆ ಹೊಲಗಳಲ್ಲಿ. ಹಿಂಗಾರಿ ಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಅಲ್ಲಿನ ನೆಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬಿಟ್ಟಿರುತ್ತವೆ. ಎಷ್ಟೋ ಕಡೆ ಅವುಗಳ ಆಳ ಒಂದು ಮೀಟರಿಗೂ ಮಿಕ್ಕಿರುತ್ತದೆ. ಅಷ್ಟೇ ಬಿಸಿಲಿಗೆ ಕೋಲಾರದ ಕೆಂಪು ಮಣ್ಣಿನ ಹೊಲ ಕಲ್ಲಿನಂತೆ ಗಟ್ಟಿಯಾದೀತೇ ಹೊರತು ಹೀಗೆ ಬಾಯಿ ಬಿಡುವುದಿಲ್ಲ. ಬಿಸಿಲು ಎರಡಕ್ಕೂ ಒಂದೇ. ಬೇರೆಯಾಗಿರುವುದು ಮಣ್ಣಿನ ಕಣ.

ಕಣದೊಳಗಿನ ಪದರ

ಮಣ್ಣಿನಲ್ಲಿರುವ 0.002 ಮಿಲಿಮೀಟರಿಗಿಂತ ಸಣ್ಣ ಕಣಗಳಿಗೆ ಜೇಡಿ ಎಂದು ಹೆಸರು. ಮರಳಿನ ಕಣ ಉರುಟಾಗಿದ್ದರೆ ಜೇಡಿಯ ಕಣ ಚಪ್ಪಟೆ. ಅದನ್ನು ಇನ್ನಷ್ಟು ಹಿಗ್ಗಿಸಿ ನೋಡಿದರೆ ಒಂದರ ಮೇಲೊಂದು ಪೇರಿಸಿಟ್ಟ ರೊಟ್ಟಿಗಳ ಹಾಗೆ ತೆಳು ಪದರಗಳು ಕಾಣುತ್ತವೆ. ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕಗಳಿಂದಾದ ಈ ಪದರಗಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಅಂಟಿಕೊಂಡಿವೆ ಎಂಬುದರ ಮೇಲೆ ಆ ಮಣ್ಣಿನ ಸ್ವಭಾವ ನಿಂತಿದೆ.

ಕೆಂಪು ಮಣ್ಣಿನಲ್ಲೂ ಕರಾವಳಿಯ ಜಂಬಿಟ್ಟಿಗೆಯ ನೆಲದಲ್ಲೂ ಹೆಚ್ಚಾಗಿರುವ ಖನಿಜ ಕಯೋಲಿನೈಟ್. ಅದರ ಪದರಗಳ ನಡುವಿನ ಹಿಡಿತ ಗಟ್ಟಿ. ನೀರು ಒಳಗೆ ನುಗ್ಗಲಾರದು. ಎರೆಮಣ್ಣಿನಲ್ಲಿ ಹೆಚ್ಚಾಗಿರುವುದು ಸ್ಮೆಕ್ಟೈಟ್ ಗುಂಪಿನ ಖನಿಜಗಳು. ಮಾಂಟ್‌ಮೊರಿಲ್ಲೊನೈಟ್ ಈ ಗುಂಪಿನದೇ. ಇದರ ಒಂದೊಂದು ಪದರದ ದಪ್ಪ ಸುಮಾರು ಒಂದು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಪದರಗಳ ಮೇಲೆ ಋಣ ವಿದ್ಯುದಂಶವಿದ್ದು, ಅದನ್ನು ಸರಿದೂಗಿಸಲು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಅಯಾನುಗಳು ನಡುವೆ ಸೇರಿಕೊಂಡಿರುತ್ತವೆ. ಪದರಗಳ ಹಿಡಿತ ಸಡಿಲವಾದ್ದರಿಂದ ಈ ಅಯಾನುಗಳು ನೀರನ್ನು ಒಳಗೆ ಸೆಳೆದುಕೊಳ್ಳುತ್ತವೆ, ಪದರಗಳು ದೂರ ಸರಿಯುತ್ತವೆ, ಮಣ್ಣು ಉಬ್ಬುತ್ತದೆ. ಒಳಗಿನ ಮೈಯನ್ನೂ ಲೆಕ್ಕಕ್ಕೆ ಹಿಡಿದರೆ ಒಂದು ಗ್ರಾಂ ಸ್ಮೆಕ್ಟೈಟಿಗೆ 700ರಿಂದ 800 ಚದರ ಮೀಟರ್ ಮೇಲ್ಮೈ ಇರುತ್ತದೆ. ಅಷ್ಟೇ ತೂಕದ ಕಯೋಲಿನೈಟಿಗೆ 10ರಿಂದ 20 ಚದರ ಮೀಟರ್ ಮಾತ್ರ. ನೀರು ಅಂಟಿಕೊಳ್ಳುವುದು ಈ ಮೈಗೆ.

ಈ ಖನಿಜದ ಮೂಲ ಬಹುಮಟ್ಟಿಗೆ ದಖ್ಖನ್ ಪ್ರಸ್ಥಭೂಮಿಯ ಕಪ್ಪು ಶಿಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಬಸಾಲ್ಟ್ ಆಯಿತು. ಮಳೆ ಕಡಿಮೆಯಿರುವ, ನೀರು ಬಸಿದುಹೋಗದ ತಗ್ಗು ಬಯಲುಗಳಲ್ಲಿ ಆ ಶಿಲೆ ಶಿಥಿಲವಾದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ತೊಳೆದುಹೋಗದೆ ಅಲ್ಲಿಯೇ ಉಳಿದು ಸ್ಮೆಕ್ಟೈಟ್ ಹುಟ್ಟಿತು. ಮಳೆ ಧಾರಾಳವಾಗಿ ಸುರಿದು ಲವಣಗಳೆಲ್ಲ ಕೊಚ್ಚಿಹೋಗುವ ಕಡೆ ಕಯೋಲಿನೈಟ್ ಉಳಿಯಿತು. ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಬಸಾಲ್ಟ್ ಇಲ್ಲದ ಕಡೆಯೂ ತಗ್ಗಿನ ಜಾಗಗಳಲ್ಲಿ ಎರೆ ಬಿದ್ದಿರುವುದು ಲವಣಗಳು ಹೀಗೆ ಕೊಚ್ಚಿಹೋಗದೆ ಉಳಿದ ಕಾರಣಕ್ಕೆ. ಬಣ್ಣ ಕಪ್ಪಗಿದೆಯೆಂದು ಈ ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚು ಎಂದುಕೊಳ್ಳುವಂತಿಲ್ಲ. ಸಾವಯವ ಇಂಗಾಲ ಸಾಮಾನ್ಯವಾಗಿ ಶೇಕಡ 1ಕ್ಕಿಂತ ಕಡಿಮೆಯೇ ಇರುತ್ತದೆ. ಜೇಡಿ ಮಾತ್ರ ಶೇಕಡ 40ರಿಂದ 60ರವರೆಗೂ ಇರುವುದುಂಟು.

ಕಣಗಳನ್ನು ಬಿಗಿಯುವ ನೀರು

ಒದ್ದೆ ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿರುತ್ತದೆ. ಮೇಲಿನಿಂದ ಆವಿಯಾಗತೊಡಗಿದಾಗ ಕಣಗಳ ನಡುವೆ ಉಳಿದ ನೀರಿನ ಮೈ ಒಳಬಾಗುತ್ತದೆ. ನೀರಿಗೆ ತನ್ನ ಮೇಲ್ಮೈಯನ್ನು ಕುಗ್ಗಿಸಿಕೊಳ್ಳುವ ಗುಣವಿದೆ. ಇದೇ ಮೇಲ್ಮೈ ಎಳೆತ. ಬಾಗಿದ ಮೈ ಅಕ್ಕಪಕ್ಕದ ಕಣಗಳನ್ನು ತನ್ನತ್ತ ಸೆಳೆಯುತ್ತದೆ. ಸಂದು ಕಿರಿದಾದಷ್ಟೂ ಈ ಸೆಳೆತ ಹೆಚ್ಚು. ಮಿಲಿಮೀಟರಿನ ಸಾವಿರದ ಒಂದು ಪಾಲು ತ್ರಿಜ್ಯದ ರಂಧ್ರದಲ್ಲಿ ಅದು ಸುಮಾರು 1.4 ವಾಯುಮಂಡಲ ಒತ್ತಡದಷ್ಟು. ಹದಿನಾಲ್ಕು ಮೀಟರಿಗೂ ಎತ್ತರದ ನೀರಿನ ಕಂಬವನ್ನು ಹಿಡಿದು ನಿಲ್ಲಿಸಬಲ್ಲದು. ರಂಧ್ರ ಇನ್ನೂ ಹತ್ತು ಪಟ್ಟು ಕಿರಿದಾದರೆ ಸೆಳೆತವೂ ಹತ್ತು ಪಟ್ಟು ಏರುತ್ತದೆ. ಹೆಚ್ಚಿನ ಬೆಳೆಗಳು ಬಾಡಿ ಮತ್ತೆ ಚೇತರಿಸಿಕೊಳ್ಳದ ಹಂತವೂ ಸುಮಾರು ಅಷ್ಟೇ ಸೆಳೆತದ್ದು. ಎರೆ ಹೊಲದಲ್ಲಿ ಮಣ್ಣು ಇನ್ನೂ ತೇವವಿರುವಾಗಲೇ ಪೈರು ಬಾಡುವುದಕ್ಕೆ ಕಾರಣ ಇಲ್ಲಿದೆ: ನೀರು ಇದೆ, ಆದರೆ ಬೇರಿಗಿಂತ ಮಣ್ಣಿನ ಹಿಡಿತ ಬಲವಾಗಿದೆ.

ಸಂದು ದೊಡ್ಡದಾಗಿರುವ ಮರಳಿನಲ್ಲಿ ಈ ಬಲ ಅಲ್ಪ, ಕಣಗಳೂ ಒಂದಕ್ಕೊಂದು ತಾಗಿ ನಿಂತಿರುತ್ತವೆ. ಹಾಗಾಗಿ ಮರಳು ಒಣಗಿದರೆ ಗಾತ್ರ ಬದಲಾಗುವುದಿಲ್ಲ. ಜೇಡಿಯಲ್ಲಿ ಕಣಗಳ ನಡುವೆ ನೀರಿನದೇ ಹಾಸು. ನೀರು ಹೋದಂತೆಲ್ಲ ಕಣಗಳು ಹತ್ತಿರ ಸರಿಯುತ್ತವೆ. ಆರಂಭದ ದೊಡ್ಡ ಹಂತದಲ್ಲಿ ಎಷ್ಟು ನೀರು ಹೋಯಿತೋ ಮಣ್ಣಿನ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಕೊನೆಗೆ ಕಣಗಳು ಇನ್ನು ಹತ್ತಿರ ಬರಲಾರದ ಸ್ಥಿತಿ ತಲುಪುತ್ತದೆ. ಅಲ್ಲಿಂದ ಮುಂದೆ ನೀರು ಹೋದ ಜಾಗಕ್ಕೆ ಗಾಳಿ ಬರುತ್ತದೆ, ಗಾತ್ರ ಹಾಗೆಯೇ ಉಳಿಯುತ್ತದೆ. ಇದಕ್ಕೆ ಕುಗ್ಗುವ ಮಿತಿ ಎನ್ನುತ್ತಾರೆ. ಮಣ್ಣು ದ್ರವದಂತೆ ಹರಿಯುವ, ಮಿದ್ದಿದ ಆಕಾರ ತಾಳುವ, ಗಟ್ಟಿಯಾಗಿ ಕುಗ್ಗುವುದನ್ನು ನಿಲ್ಲಿಸುವ ಹಂತಗಳನ್ನು ತೇವದ ಪ್ರಮಾಣದಿಂದ ಗುರುತಿಸುವ ಪದ್ಧತಿಯನ್ನು 1911ರಲ್ಲಿ ರೂಪಿಸಿದವರು ಸ್ವೀಡನ್ನಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಆಟರ್‌ಬರ್ಗ್. ಇಂದಿಗೂ ಕಟ್ಟಡ, ರಸ್ತೆ ಕಾಮಗಾರಿಗೆ ಮುಂಚೆ ಮಣ್ಣನ್ನು ಪರೀಕ್ಷಿಸುವುದು ಇದೇ ಪದ್ಧತಿಯಿಂದ.

ಒಂದು ಮೀಟರ್ ಉದ್ದದ ಒದ್ದೆ ಎರೆಮಣ್ಣು ಪೂರ್ತಿ ಒಣಗಿದಾಗ ಆರು ಸೆಂಟಿಮೀಟರಿಗೂ ಹೆಚ್ಚು ಗಿಡ್ಡವಾಗಬಹುದು. ಈ ಕುಗ್ಗುವಿಕೆ ಮೂರೂ ದಿಕ್ಕಿಗೆ ನಡೆಯುತ್ತದೆ. ಕೆಳಮುಖವಾಗಿ ಕುಗ್ಗಿದರೆ ನೆಲದ ಮಟ್ಟ ಕೊಂಚ ಇಳಿದೀತು, ಅಷ್ಟೇ. ಅಡ್ಡಡ್ಡಲಾಗಿ ಕುಗ್ಗುವಾಗಲೇ ತೊಡಕು.

ಅಡ್ಡಿ ಇಲ್ಲದಿದ್ದರೆ ಬಿರುಕಿಲ್ಲ

ಒಣಗುವುದೊಂದೇ ಬಿರುಕಿಗೆ ಕಾರಣವಲ್ಲ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎರಡು ಸಮ ತಳದ ತಟ್ಟೆಗಳನ್ನು ತೆಗೆದುಕೊಂಡು ಒಂದರ ತಳ, ಅಂಚುಗಳಿಗೆಲ್ಲ ಚೆನ್ನಾಗಿ ಎಣ್ಣೆ ಸವರಬೇಕು. ಇನ್ನೊಂದರ ತಳಕ್ಕೆ ಒರಟು ಮರಳು ಕಾಗದ ಅಂಟಿಸಬೇಕು. ಎರಡಕ್ಕೂ ಒಂದೇ ಹದದ ಎರೆ ಕೆಸರನ್ನು ಬೆರಳಿನಷ್ಟು ದಪ್ಪ ಹರವಿ ನೆರಳಿನಲ್ಲಿ ನಿಧಾನ ಒಣಗಲು ಬಿಡಬೇಕು. ಎಣ್ಣೆ ಸವರಿದ ತಟ್ಟೆಯ ಮಣ್ಣು ಅಂಚು ಬಿಟ್ಟು ನಡುವಿಗೆ ಸರಿದು, ಹೆಚ್ಚು ಒಡೆಯದೆ ಸಣ್ಣ ಬಿಲ್ಲೆಯಾಗುತ್ತದೆ. ಒರಟು ತಳದ ಮಣ್ಣು ಸರಿಯಲಾರದೆ ತುಂಡುತುಂಡಾಗುತ್ತದೆ. ನೀರು ಕಳೆದುಕೊಂಡದ್ದು ಎರಡೂ ಸಮ; ತಳ ಹಿಡಿದುಕೊಂಡದ್ದು ಒಂದನ್ನು ಮಾತ್ರ.

ಹೊಲದಲ್ಲಿ ಒರಟು ತಳದ ಕೆಲಸ ಮಾಡುವುದು ಕೆಳಗಿನ ಹಸಿ ಮಣ್ಣು. ಮೇಲ್ಪದರ ಬಿಸಿಲಿಗೂ ಗಾಳಿಗೂ ಬೇಗ ಒಣಗಿ ಕುಗ್ಗಲು ನೋಡುತ್ತದೆ. ಕೆಳಪದರ ಇನ್ನೂ ಒದ್ದೆಯಾಗಿ, ಮೊದಲಿನ ಅಗಲದಲ್ಲೇ ಇರುತ್ತದೆ. ಎರಡೂ ಅಂಟಿಕೊಂಡಿರುವುದರಿಂದ ಮೇಲಿನದಕ್ಕೆ ಕುಗ್ಗಲು ಬಿಡುವಿಲ್ಲ. ಅಕ್ಕಪಕ್ಕದ ಮಣ್ಣೂ ಅದೇ ಹೊತ್ತಿಗೆ ಕುಗ್ಗಲು ಹವಣಿಸುತ್ತ ಎದುರು ದಿಕ್ಕಿಗೆ ಎಳೆಯುತ್ತಿರುತ್ತದೆ. ಹೀಗೆ ಮೇಲ್ಪದರದಲ್ಲಿ ಎಳೆತ ದಿನದಿನಕ್ಕೂ ಏರುತ್ತ ಹೋಗುತ್ತದೆ. ಮಣ್ಣು ಮೇಲಿನಿಂದ ಬೀಳುವ ಭಾರವನ್ನು ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಒಣಗಿದಂತೆ ಅದರ ಬಲವೂ ಹೆಚ್ಚುತ್ತದೆ ನಿಜ. ಆದರೆ ಎಳೆತ ಅದಕ್ಕಿಂತ ಬೇಗ ಹೆಚ್ಚುತ್ತದೆ. ಎಳೆತ ಬಲವನ್ನು ಮೀರಿದ ಕಡೆ ಮಣ್ಣು ಸೀಳುತ್ತದೆ.

ಮಣ್ಣಿನ ಗೋಡೆ ಕಟ್ಟುವವರಿಗೆ, ಹೆಂಚು, ಗಡಿಗೆ ಮಾಡುವವರಿಗೆ ಈ ಲೆಕ್ಕ ಕೈಯಲ್ಲೇ ಗೊತ್ತು. ಅವರು ಜೇಡಿಗೆ ಮರಳು ಬೆರೆಸುವುದು ಕುಗ್ಗುವುದನ್ನು ಕಡಿಮೆ ಮಾಡಲು. ಗೋಡೆಯ ಮಣ್ಣಿಗೆ ಹುಲ್ಲು, ಹೊಟ್ಟು, ಸಗಣಿ ಕಲಸುವುದು ಎಳೆತ ತಾಳುವ ನಾರು ಕೊಡಲು. ಹಸಿ ಗಡಿಗೆಯನ್ನು ನೆರಳಿನಲ್ಲಿ ಆರಿಸುವುದು ಒಳಗೂ ಹೊರಗೂ ಸಮನಾಗಿ ಒಣಗಲಿ ಎಂದು.

ಬಿರುಕಿನ ಬಲೆ

ಸೀಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಹಳೆಯ ಬೇರಿನ ತೂತು, ಹರಳುಕಲ್ಲು, ಗಾಳಿಗುಳ್ಳೆ, ಹಿಂದಿನ ವರ್ಷದ ಬಿರುಕಿನ ಗೆರೆ, ಇಂಥ ಯಾವುದಾದರೊಂದು ಊನ ಬೇಕು. ಊನದ ತುದಿಯಲ್ಲಿ ಎಳೆತ ಒಟ್ಟುಗೂಡಿ ಸುತ್ತಲಿಗಿಂತ ಎಷ್ಟೋ ಪಟ್ಟು ಹೆಚ್ಚಾಗುತ್ತದೆ. ಬ್ರಿಟಿಷ್ ಎಂಜಿನಿಯರ್ ಎ.ಎ. ಗ್ರಿಫಿತ್ 1921ರಲ್ಲಿ ಗಾಜು ಒಡೆಯುವುದನ್ನು ಕುರಿತು ಮಂಡಿಸಿದ ಸಿದ್ಧಾಂತ ಇಲ್ಲಿಗೂ ಹೊಂದುತ್ತದೆ: ಬಿರುಕು ಮುಂದುವರಿದರೆ ಬಿಡುಗಡೆಯಾಗುವ ಶಕ್ತಿ, ಹೊಸ ಮೈ ತೆರೆಯಲು ಬೇಕಾದ ಶಕ್ತಿಗಿಂತ ಹೆಚ್ಚಿದ್ದರೆ ಬಿರುಕು ಓಡುತ್ತದೆ.

ಮೊದಲ ಬಿರುಕು ಉದ್ದಕ್ಕೆ ಸಾಗುತ್ತದೆ. ಅದು ತೆರೆದುಕೊಂಡ ಕೂಡಲೇ ಅದರ ಎರಡೂ ದಡದಲ್ಲಿ ಅಡ್ಡ ಎಳೆತ ಇಳಿದುಹೋಗಿ, ಬಿರುಕಿನ ಉದ್ದಕ್ಕೆ ಸಮಾನಾಂತರವಾದ ಎಳೆತ ಮಾತ್ರ ಉಳಿಯುತ್ತದೆ. ಆದ್ದರಿಂದ ಆಮೇಲೆ ಹುಟ್ಟಿದ ಬಿರುಕು ಮೊದಲನೆಯದನ್ನು ಹೆಚ್ಚುಕಡಿಮೆ ನೇರ ಕೋನದಲ್ಲೇ ಬಂದು ಸೇರುತ್ತದೆ. ಒಂದೇ ಸಲ ಒಣಗಿದ ಕೆರೆಯಂಗಳದ ಕೆಸರಿನಲ್ಲಿ ಬಹುಪಾಲು ತುಂಡುಗಳು ನಾಲ್ಕು ಮೂಲೆಯವಾಗಿರಲು ಇದೇ ಕಾರಣ. ಮಣ್ಣು ಪದೇ ಪದೇ ನೆನೆದು ಒಣಗಿದರೆ, ಮತ್ತೆ ಮತ್ತೆ ಅದೇ ಜಾಡಿನಲ್ಲಿ ತೆರೆಯುವ ಬಿರುಕುಗಳ ಕೂಡುಕೋನ ನಿಧಾನವಾಗಿ ತಿರುಗಿ, ಮೂರು ಬಿರುಕುಗಳು 120 ಡಿಗ್ರಿಯಲ್ಲಿ ಸೇರುವಂತಾಗಿ, ಆರು ಮೂಲೆಯ ತುಂಡುಗಳು ಮೂಡುತ್ತವೆ. ಪ್ರಯೋಗಾಲಯದ ತಟ್ಟೆಗಳಲ್ಲಿ ಇದು ಸಾಬೀತಾಗಿದೆ. ಮಂಗಳ ಗ್ರಹದ ಗೇಲ್ ಕುಳಿಯಲ್ಲಿ ಕ್ಯೂರಿಯಾಸಿಟಿ ರೋವರ್ 2021ರಲ್ಲಿ ಇಂಥ ಆರು ಮೂಲೆಯ ಬಿರುಕಿನ ಗುರುತುಗಳನ್ನು ಶಿಲೆಯ ಮೇಲೆ ಕಂಡಿತು. ಅಲ್ಲಿ ಒಂದು ಕಾಲದಲ್ಲಿ ನೀರು ಬಂದು ಬತ್ತುವುದು ಮತ್ತೆ ಮತ್ತೆ ನಡೆದಿತ್ತೆಂದು ವಿಜ್ಞಾನಿಗಳು 2023ರಲ್ಲಿ ವಾದಿಸಿದ್ದು ಈ ಆಧಾರದಿಂದಲೇ.

ತುಂಡುಗಳ ಗಾತ್ರ ಒಣಗಿದ ಪದರದ ದಪ್ಪವನ್ನು ಅನುಸರಿಸುತ್ತದೆ. ಒಂದು ಬಿರುಕು ತನ್ನ ಸುತ್ತಲಿನ ಎಳೆತವನ್ನು ಎಷ್ಟು ದೂರದವರೆಗೆ ಇಳಿಸಬಲ್ಲದು ಎಂಬುದು ಪದರದ ದಪ್ಪಕ್ಕೆ ತಕ್ಕಂತೆ ಇರುತ್ತದೆ. ಮುಂದಿನ ಬಿರುಕು ಅದರಾಚೆಗೇ ಹುಟ್ಟಬೇಕು. ಹೀಗಾಗಿ ತೆಳು ಕೆಸರಿನಲ್ಲಿ ಬಿರುಕು ಒತ್ತೊತ್ತಾಗಿ, ಆಳದ ಎರೆಯಲ್ಲಿ ದೂರದೂರಕ್ಕೆ ಬೀಳುತ್ತದೆ. ಆಳಕ್ಕೆ ಹೋದಂತೆ ಮಣ್ಣು ಹಸಿಯಾಗಿರುತ್ತದೆ, ಮೇಲಿನ ಮಣ್ಣಿನ ಭಾರವೂ ಅದನ್ನು ಪಕ್ಕದಿಂದ ಅದುಮಿ ಹಿಡಿಯುತ್ತದೆ. ಎಳೆತ ಈ ಅದುಮುವಿಕೆಯನ್ನು ಗೆಲ್ಲಲಾರದ ಆಳದಲ್ಲಿ ಬಿರುಕು ನಿಲ್ಲುತ್ತದೆ.

ಮಳೆಗಾಲದಲ್ಲಿ ಬಿರುಕು ಮುಚ್ಚಿಕೊಂಡರೂ ಮಣ್ಣು ಮೊದಲಿನಂತೆ ಆಗುವುದಿಲ್ಲ. ಬೇಸಿಗೆಯಲ್ಲಿ ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಉದುರಿ ತಳ ಸೇರಿರುತ್ತದೆ. ಮಳೆ ಬಂದು ಎಲ್ಲವೂ ಉಬ್ಬಿದಾಗ ಆಳದಲ್ಲಿ ಜಾಗ ಸಾಲದೆ ಮಣ್ಣಿನ ದೊಡ್ಡ ಗಡ್ಡೆಗಳು ಒಂದನ್ನೊಂದು ಓರೆಯಾಗಿ ತಳ್ಳಿ ಉಜ್ಜುತ್ತವೆ. ಎರೆ ಹೊಲದಲ್ಲಿ ಗುಂಡಿ ತೋಡಿದರೆ ಒಂದು ಮೀಟರ್ ಆಸುಪಾಸಿನಲ್ಲಿ ಸಿಗುವ, ನುಣುಪಾಗಿ ಹೊಳೆಯುವ, ಗೀರು ಬಿದ್ದ ಓರೆ ಮೈಗಳು ಈ ಉಜ್ಜಾಟದ ಗುರುತು. ವರ್ಷವರ್ಷವೂ ಮೇಲಿನದು ಕೆಳಗೆ, ಕೆಳಗಿನದು ಮೇಲಕ್ಕೆ ಸರಿಯುವ ಇಂಥ ಮಣ್ಣುಗಳನ್ನು ವಿಜ್ಞಾನಿಗಳು ವರ್ಟಿಸಾಲ್ ಎಂಬ ವರ್ಗದಲ್ಲಿ ಇಟ್ಟಿದ್ದಾರೆ. ಭಾರತ, ಆಸ್ಟ್ರೇಲಿಯಾ, ಸುಡಾನ್ ದೇಶಗಳಲ್ಲಿ ಇವು ಬಹಳ ದೊಡ್ಡ ಪ್ರದೇಶವನ್ನು ಆವರಿಸಿವೆ.

ಹೊಲದ ಲಾಭನಷ್ಟ

ಬಿರುಕು ರೈತನಿಗೆ ಎರಡು ಬಗೆಯಲ್ಲಿ ಎದುರಾಗುತ್ತದೆ. ಮೊದಲ ಮಳೆಗೆ ಅದು ಉಪಕಾರಿ. ಉಬ್ಬಿ ಮುಚ್ಚಿಕೊಂಡ ಎರೆ ನೆಲದಲ್ಲಿ ನೀರು ಗಂಟೆಗೆ ಒಂದೆರಡು ಮಿಲಿಮೀಟರ್ ಇಂಗುವುದೂ ಕಷ್ಟ. ಬಾಯಿ ಬಿಟ್ಟಿರುವಾಗ ಬಿದ್ದ ಮಳೆ ನೇರವಾಗಿ ಆಳಕ್ಕೆ ಇಳಿಯುತ್ತದೆ. ಹೀಗೆ ತುಂಬಿಕೊಂಡ ನೆಲ ಒಂದು ಮೀಟರ್ ಆಳದಲ್ಲಿ ಬೆಳೆಗೆ ಸಿಗುವಂಥ ನೀರನ್ನು ಸುಮಾರು 150ರಿಂದ 200 ಮಿಲಿಮೀಟರಿನಷ್ಟು ಹಿಡಿದಿಡುತ್ತದೆ. ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತುವ ಬಿಳಿಜೋಳ, ಕಡಲೆ, ಕುಸುಬೆಗಳು ಆಮೇಲೆ ಮಳೆ ಬಾರದಿದ್ದರೂ ಬಹುಮಟ್ಟಿಗೆ ಈ ಸಂಗ್ರಹದಲ್ಲೇ ಬೆಳೆದು ತೆನೆ ಕಟ್ಟುತ್ತವೆ.

ಡಿಸೆಂಬರಿನಿಂದಾಚೆ ಅದೇ ಬಿರುಕು ಶತ್ರು. ಬಿರುಕಿನ ಎರಡೂ ಗೋಡೆಗಳಿಂದ ಆಳದ ತೇವ ಆವಿಯಾಗಿ ಹೋಗುತ್ತದೆ. ಅಗಲವಾದಂತೆ ಬೇರುಗಳೂ ಹರಿಯುತ್ತವೆ. ಹಿಂಗಾರಿ ಬೆಳೆಯಲ್ಲಿ ಎರಡು ಮೂರು ಸಲ ಎಡೆ ಹೊಡೆಯುವ ರೂಢಿಗೆ ಕಳೆ ತೆಗೆಯುವುದೊಂದೇ ಉದ್ದೇಶವಲ್ಲ. ಎಡೆಕುಂಟೆ ಸಾಲಿನ ನಡುವೆ ಎರಡು ಮೂರು ಅಂಗುಲ ಮಣ್ಣನ್ನು ಪುಡಿ ಮಾಡಿ ಬಿರುಕಿನ ಬಾಯಿಗೆ ತುಂಬುತ್ತದೆ. ಸಡಿಲ ಮಣ್ಣಿನ ಹೊದಿಕೆ ಕೆಳಗಿನ ತೇವ ಮೇಲೇರುವುದನ್ನು ತಡೆಯುತ್ತದೆ. ಬೆಳೆಯ ಕೂಳೆ, ರವದಿಯನ್ನು ಹೊಲದಲ್ಲೇ ಹರವುವುದು, ಕೊಟ್ಟಿಗೆ ಗೊಬ್ಬರ ಕೊಡುವುದು ಕೂಡ ಒಣಗುವ ವೇಗವನ್ನು ತಗ್ಗಿಸುತ್ತವೆ. ಕಾಲುವೆ ನೀರು ಹೆಚ್ಚಾಗಿ ಸವಳು ಬಿದ್ದ ಜಮೀನಿನಲ್ಲಿ ಸೋಡಿಯಂ ಸೇರಿಕೊಂಡರೆ ಮಣ್ಣು ಹೆಚ್ಚು ಉಬ್ಬಿ ಹೆಚ್ಚು ಸೀಳುತ್ತದೆ. ಅಲ್ಲಿ ಬಸಿಗಾಲುವೆ ತೆಗೆದು ಜಿಪ್ಸಂ ಹಾಕುತ್ತಾರೆ. ಜಿಪ್ಸಂನ ಕ್ಯಾಲ್ಸಿಯಂ ಪದರಗಳ ನಡುವಿನ ಸೋಡಿಯಂ ಜಾಗ ಹಿಡಿದು ಹಿಡಿತ ಬಿಗಿಗೊಳಿಸುತ್ತದೆ.

ಗೋಡೆ, ರಸ್ತೆ, ಕಾಲುವೆ

ಎರೆ ನೆಲದ ಮೇಲೆ ಕಟ್ಟಿದ ಮನೆಗೆ ಉಬ್ಬು, ಕುಗ್ಗು ಎರಡರಿಂದಲೂ ಪೆಟ್ಟು. ಮನೆಯಡಿಯ ಮಣ್ಣು ವರ್ಷವಿಡೀ ಹೆಚ್ಚುಕಡಿಮೆ ಒಂದೇ ತೇವದಲ್ಲಿರುತ್ತದೆ. ಅಂಚಿನ ಮಣ್ಣು ಮಳೆಗಾಲದಲ್ಲಿ ಉಬ್ಬಿ ಗೋಡೆಯನ್ನು ಎತ್ತುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೆಳಗಿಳಿಸುತ್ತದೆ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರುವ, ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಬಿರುಕು ಇದರ ಗುರುತು. ಭಾರದ ಕಟ್ಟಡಕ್ಕಿಂತ ಒಂದಂತಸ್ತಿನ ಮನೆ, ಕಾಂಪೌಂಡ್ ಗೋಡೆ, ರಸ್ತೆ, ಕಾಲುವೆಯ ಹಾಸುಗಳಿಗೆ ಹಾನಿ ಹೆಚ್ಚು. ಉಬ್ಬುವ ಮಣ್ಣಿನ ಒತ್ತಡವನ್ನು ಅದುಮಿ ಹಿಡಿಯುವಷ್ಟು ತೂಕ ಅವುಗಳಿಗಿಲ್ಲ.

ಪರಿಹಾರಗಳೆಲ್ಲ ಈ ಚಲನೆಯಿಂದ ತಪ್ಪಿಸಿಕೊಳ್ಳುವ ದಾರಿಗಳು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಳಕೆಗೆ ತಂದ ಅಂಡರ್‌ರೀಮ್ಡ್ ಪೈಲ್ ಪದ್ಧತಿಯಲ್ಲಿ ಕಾಂಕ್ರೀಟ್ ಕಂಬವನ್ನು ಸುಮಾರು 3.5 ಮೀಟರ್ ಆಳಕ್ಕೆ, ಅಂದರೆ ಋತುಮಾನದ ತೇವ ಏರಿಳಿಯುವ ವಲಯದ ಕೆಳಕ್ಕೆ ಇಳಿಸುತ್ತಾರೆ. ಕಂಬದ ಬುಡ ಕಾಂಡದ ಎರಡೂವರೆ ಪಟ್ಟು ಅಗಲದ ಗಡ್ಡೆಯಾಗಿರುವುದರಿಂದ ಮೇಲಿನ ಮಣ್ಣು ಉಬ್ಬಿದರೂ ಕಂಬ ಕಿತ್ತು ಬರುವುದಿಲ್ಲ. ಮುಂಬೈನ ಐಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಆರ್.ಕೆ. ಕಟ್ಟಿ ಅವರದು ಇನ್ನೊಂದು ದಾರಿ: ಎರೆಯ ಮೇಲೆ, ಅಂಟುಗುಣವಿದ್ದೂ ಉಬ್ಬದಂಥ ಮಣ್ಣನ್ನು ಒಂದು ಮೀಟರಿನಷ್ಟು ದಪ್ಪ ಹಾಸಿ ಚೆನ್ನಾಗಿ ದಮ್ಮಸು ಮಾಡುವುದು. ಮಲಪ್ರಭಾ ಕಾಲುವೆಯ ಕಾಮಗಾರಿಯಲ್ಲಿ ಇದು ಬಳಕೆಯಾಯಿತು. ರಸ್ತೆಗಳಲ್ಲಿ ಮಣ್ಣಿಗೆ ಶೇಕಡ 3ರಿಂದ 6ರಷ್ಟು ಸುಣ್ಣ ಬೆರೆಸುವುದುಂಟು. ಸುಣ್ಣದ ಕ್ಯಾಲ್ಸಿಯಂ ಉಬ್ಬುವ ಗುಣವನ್ನು ತಗ್ಗಿಸುತ್ತದೆ, ಕ್ರಮೇಣ ಕಣಗಳನ್ನು ಬೆಸೆಯುತ್ತದೆ.

ಇಳಿಜಾರಿನ ಬಿರುಕು

ಒಣಗದೆಯೂ ಜೇಡಿಮಣ್ಣು ಎಳೆತಕ್ಕೆ ಸಿಕ್ಕಿ ಸೀಳುವುದುಂಟು. ಕಾಲುವೆಯ ಏರಿ, ಕೆರೆ ಕಟ್ಟೆ, ಕಡಿದ ದಿಬ್ಬದ ಅಂಚು ಮುಂದಕ್ಕೆ ಜಗ್ಗಿದಾಗ ಹಿಂದಿನ ಮಣ್ಣಿನಲ್ಲಿ ಎಳೆತ ಹುಟ್ಟಿ, ದಂಡೆಗೆ ಸಮಾನಾಂತರವಾಗಿ ಉದ್ದನೆಯ ಬಿರುಕು ಬೀಳುತ್ತದೆ. ಮೆತ್ತನೆಯ ಜೇಡಿಯಲ್ಲಿ ಇದು ಒಂದೆರಡು ಮೀಟರ್ ಆಳಕ್ಕೆ ಹೋಗಬಹುದು. ಒಣಗಿ ಬಿಟ್ಟ ಬಿರುಕು ಬಲೆಯಂತೆ ಎಲ್ಲ ಕಡೆ ಹರಡಿದ್ದರೆ, ಇದು ಒಂದೇ ಗೆರೆಯಾಗಿದ್ದು ಮುಂದಿನ ಪಕ್ಕ ಕೊಂಚ ತಗ್ಗಿರುತ್ತದೆ. ಇದರಲ್ಲಿ ಮಳೆನೀರು ತುಂಬುವುದು ಅಪಾಯ. ಎರಡು ಮೀಟರ್ ಆಳದ ಬಿರುಕಿನಲ್ಲಿ ನೀರು ನಿಂತರೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು ಎರಡು ಟನ್ ಬಲದಿಂದ ದಂಡೆಯನ್ನು ಹೊರಕ್ಕೆ ತಳ್ಳುತ್ತದೆ. ಜೊತೆಗೆ ಒಳಗಿನ ಮಣ್ಣನ್ನೂ ಮೆದುಗೊಳಿಸುತ್ತದೆ. ಪಾಯ, ಪೈಪಿನ ಕಂದಕ ತೋಡುವಾಗ ಅಂಚಿನಲ್ಲಿ ಇಂಥ ಗೆರೆ ಕಂಡರೆ ಕೆಳಗಿರುವವರು ಆ ಕ್ಷಣ ಮೇಲೆ ಬರಬೇಕು.

ಕಟ್ಟುವ ಮುಂಚೆ ತಿಳಿಯುವುದು

ಮಣ್ಣು ಎಷ್ಟು ಉಬ್ಬುತ್ತದೆ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, ಅಳತೆ ಗೆರೆಯಿರುವ ಎರಡು ಗಾಜಿನ ಜಾಡಿಗಳಿಗೆ ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ. ನೀರಿನ ಜಾಡಿಯ ಮಣ್ಣು ಅದಕ್ಕಿಂತ ಶೇಕಡ 50ಕ್ಕೂ ಹೆಚ್ಚು ಗಾತ್ರ ತಾಳಿದರೆ ಆ ನೆಲದಲ್ಲಿ ಸಾಮಾನ್ಯ ಪಾಯ ಹಾಕುವ ಮುನ್ನ ಎಂಜಿನಿಯರರ ಸಲಹೆ ಬೇಕೇ ಬೇಕು.

ಈಗಾಗಲೇ ಎರೆ ನೆಲದಲ್ಲಿ ಮನೆ ಇರುವವರು ಮಾಡಬಹುದಾದ ಕೆಲಸವೂ ಇದೆ. ಮನೆಯ ಸುತ್ತ ಹೊರಕ್ಕೆ ಇಳಿಜಾರಿರುವ ಹಾಸು ಹಾಕಬೇಕು. ಸೂರುನೀರು, ಬಚ್ಚಲುನೀರು ಪಾಯದ ಬದಿಯಲ್ಲಿ ನಿಲ್ಲದಂತೆ ದೂರ ಸಾಗಿಸಬೇಕು. ಸೋರುವ ನಲ್ಲಿ, ಪೈಪನ್ನು ಅಂದೇ ಸರಿಪಡಿಸಬೇಕು. ಆಳದ ನೀರು ಹೀರುವ ದೊಡ್ಡ ಮರವನ್ನು ಗೋಡೆಗೆ ತಾಗಿಸಿ ನೆಡಬಾರದು. ಪಾಯದ ಸುತ್ತಲಿನ ತೇವ ವರ್ಷವಿಡೀ ಒಂದೇ ಮಟ್ಟದಲ್ಲಿದ್ದರೆ ಎರೆಮಣ್ಣು ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಗೋಡೆಯ ಬಿರುಕಿಗೆ ವರ್ಷವರ್ಷ ಸಿಮೆಂಟು ಮೆತ್ತುವುದಕ್ಕಿಂತ ಈ ತೇವ ಏರಿಳಿಯದಂತೆ ನೋಡಿಕೊಳ್ಳುವುದೇ ಕಡಿಮೆ ಖರ್ಚಿನ ದಾರಿ.